ಸೊಲ್ಲು ಹಿಡಿಯುವವರು: ದಾರಿಯಲ್ಲಿ ಸಿಕ್ಕವರ ಪದ ಕೇಳುವ ಬಗೆ

ಎಲ್ಲರಿಗೂ ನಮಸ್ಕಾರ.

ಹಾಸನದಿಂದ ಬೇಲೂರಿಗೆ ಹತ್ತಿರ ಹತ್ತಿರ 40 ಕಿಲೋಮೀಟರ್, ಬೇಲೂರಿನಿಂದ ಚಿಕ್ಕಮಗಳೂರಿಗೆ ಮತ್ತೊಂದು 25. ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸಾದರೆ ಎರಡು ಗಂಟೆಯ ದಾರಿ. ಆ ಎರಡು ಗಂಟೆ ಪಕ್ಕದಲ್ಲೇ ಕೂತಿದ್ದ ಅಜ್ಜಿಗೆ ಐವತ್ತು ಅರವತ್ತು ಸೋಬಾನೆ ಪದ, ಅಂದರೆ ಮದುವೆ ಮನೆಯ ಹಾಡು, ಬಾಯಿಗೇ ಬರುತ್ತಿರಬಹುದು. ಅವರು ಹಗರೆಯಲ್ಲೋ ಬೇಲೂರಲ್ಲೋ ಇಳಿದು ಚೀಲ ಎತ್ತಿಕೊಂಡು ಹೋಗಿಬಿಡುತ್ತಾರೆ. ನಾವು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಇನ್ನೆಲ್ಲಿಯದೋ ಹಾಡು ಕೇಳುತ್ತಾ ಕೂತಿರುತ್ತೇವೆ. ಇವತ್ತಿನ ಮಾತು ಆ ಪಕ್ಕದ ಸೀಟಿನ ಬಗ್ಗೆ. ಪ್ರಯಾಣದಲ್ಲಿ, ಜಾತ್ರೆಯಲ್ಲಿ, ದೇವಸ್ಥಾನದ ಸಾಲಿನಲ್ಲಿ ಸಿಗುವ ಅಪರಿಚಿತರ ಜೊತೆ ಹಾಡಿನ ಮೂಲಕ ಮಾತು ಬೆಳೆಸುವುದು ಹೇಗೆ, ಅವರ ಪದ ಕೇಳುವುದು ಹೇಗೆ, ಕೇಳಿದ್ದನ್ನು ಕೆಡಿಸದೆ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಕೆಲಸಕ್ಕೆ ಬರುವ ಹಾಗೆ ಹೇಳಲು ಪ್ರಯತ್ನಿಸುತ್ತೇನೆ.

ಮೊದಲಿಗೇ ಒಂದು ಮಾತು ಹೇಳಿಬಿಡಬೇಕು, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ನಮ್ಮ ಕಡೆಯ ಪದಗಳಲ್ಲಿ ಒಬ್ಬರು ಸೊಲ್ಲು ಎತ್ತುತ್ತಾರೆ, ಇನ್ನೊಬ್ಬರು ಸೊಲ್ಲು ಹಿಡಿಯುತ್ತಾರೆ, ಅಂದರೆ ಒಬ್ಬರು ಸಾಲನ್ನು ಮೊದಲು ಹೇಳುತ್ತಾರೆ, ಇನ್ನೊಬ್ಬರು ಅದನ್ನು ತಿರುಗಿ ಹೇಳುತ್ತಾರೆ. ನಾಟಿ ಪದ, ಕೋಲಾಟದ ಪದ, ಸೋಬಾನೆ, ಹೆಚ್ಚುಕಡಿಮೆ ಎಲ್ಲದರಲ್ಲೂ ಹೀಗೇ. ಹಿಡಿಯುವವರು ಹೇಳುವ ಹೊತ್ತಿನಲ್ಲಿ ಎತ್ತುವವರಿಗೆ ಉಸಿರು ಸಿಗುತ್ತದೆ. ಉಸಿರಿಗಿಂತ ಮುಖ್ಯವಾಗಿ, ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳಲು ನಾಲ್ಕೈದು ಸೆಕೆಂಡು ಸಿಗುತ್ತದೆ. ಒಬ್ಬ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಫೋನ್ ಹಿಡಿದು, "ಹಾಡಿ" ಎಂದರೆ ಮೂರನೇ ಪದಕ್ಕೆ ಅವರು ನಿಂತುಬಿಡುತ್ತಾರೆ. "ಮರ್ತೋಯ್ತು ಕಣಪ್ಪ" ಎನ್ನುತ್ತಾರೆ. ನಿಜಕ್ಕೂ ಅವರು ಮರೆತಿರುವುದಿಲ್ಲ. ಸೊಲ್ಲು ಹಿಡಿಯುವವರಿಲ್ಲ, ಅಷ್ಟೇ. ಅದೇ ಅಜ್ಜಿಯ ಪಕ್ಕ ಅವರ ವಾರಗಿತ್ತಿಯೋ ನೆರೆಮನೆಯವರೋ ಬಂದು ಕೂತರೆ ಮೂವತ್ತು ಪದ ತಡೆಯಿಲ್ಲದೆ ಬರುತ್ತವೆ. ಹಾಗಾಗಿ ಪದ ಕೇಳಲು ಹೋಗುವವರು ಕಲಿಯಬೇಕಾದ ಮೊದಲ ವಿದ್ಯೆ ರೆಕಾರ್ಡಿಂಗ್ ಅಲ್ಲ, ಸೊಲ್ಲು ಹಿಡಿಯುವುದು.

ಅದನ್ನು ಹಿಡಿಯಲು ಪದದ ಕಟ್ಟು ಗೊತ್ತಿರಬೇಕು. ಹೆಂಗಸರ ಪದಗಳಲ್ಲಿ ಬಹುಪಾಲು ತ್ರಿಪದಿ. ಮೂರು ಸಾಲು: ಮೊದಲ ಸಾಲಿನಲ್ಲಿ ನಾಲ್ಕು ಗಣ, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಮೂರು, ಒಟ್ಟು ಹನ್ನೊಂದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ.ಶ. 700ರ ಹೊತ್ತಿಗೇ, ಈ ಛಂದಸ್ಸು ಕಲ್ಲಿನ ಮೇಲೆ ಬಂದಿದೆ. ಬಾಯಲ್ಲಿ ಅದಕ್ಕೂ ಎಷ್ಟು ಹಿಂದಿನಿಂದ ಇತ್ತೋ. ಆದರೆ ಪುಸ್ತಕದಲ್ಲಿ ಮೂರು ಸಾಲಾಗಿ ಕಾಣುವ ತ್ರಿಪದಿ ಹಾಡುವಾಗ ನಾಲ್ಕು ಸಾಲಾಗುತ್ತದೆ. ತೋರಿಸಲಿಕ್ಕೆಂದೇ ಕಟ್ಟಿಕೊಂಡ ಒಂದು ಪದ ಇಲ್ಲಿದೆ:

ಹೊತ್ತು ಮೂಡೋ ಮುಂಚೆ ಬುತ್ತಿ ಕಟ್ಯಾಳವ್ವ
ಎತ್ತಿನ ಜಾತ್ರೇಗೆ ಹೊರಟಾಳೊ ನಮ್ಮವ್ವ
ಹತ್ಯಾಳೊ ಮೊದಲ ಬಸ್ಸನ್ನ

ಹಾಡುವಾಗ ಮೊದಲ ಸಾಲು ಪೂರ್ತಿ ಬರುತ್ತದೆ. ಎರಡನೇ ಸಾಲಿನಲ್ಲಿ ಮೂರು ಗಣ ಹೇಳಿ, "ಎತ್ತಿನ ಜಾತ್ರೇಗೆ ಹೊರಟಾಳೊ" ಎನ್ನುವಲ್ಲಿ ನಿಲ್ಲುತ್ತಾರೆ. ಮತ್ತೆ ಅದೇ ಸಾಲನ್ನು ಮೊದಲಿನಿಂದ ಎತ್ತಿಕೊಂಡು "ಎತ್ತಿನ ಜಾತ್ರೇಗೆ ಹೊರಟಾಳೊ ನಮ್ಮವ್ವ" ಎಂದು ಪೂರ್ತಿ ಮಾಡಿ ಮೂರನೇ ಸಾಲಿಗೆ ಇಳಿಯುತ್ತಾರೆ. ನೀವು ಸೊಲ್ಲು ಹಿಡಿಯಬಹುದಾದ ಜಾಗ ಸರಿಯಾಗಿ ಅಲ್ಲಿದೆ, ಎರಡನೇ ಸಾಲು ಮರುಕಳಿಸುವಲ್ಲಿ. ಆಗಷ್ಟೇ ಕೇಳಿದ ಮಾತು ನಿಮ್ಮ ಕಿವಿಯಲ್ಲಿ ಇನ್ನೂ ಬಿಸಿಯಾಗಿರುತ್ತದೆ. ಅದನ್ನೇ ಸಣ್ಣ ದನಿಯಲ್ಲಿ ಜೊತೆಗೆ ಹೇಳಿ. ಎರಡು ಪದ ಹೀಗೆ ಹೇಳಿದರೆ ಸಾಕು, ಅಜ್ಜಿ ನಿಮ್ಮ ಕಡೆ ತಿರುಗಿ ಕೂರುತ್ತಾರೆ. ಇನ್ನೊಂದು ಸುಳಿವು ಪ್ರಾಸದಲ್ಲಿದೆ. ಮೂರೂ ಸಾಲಿನ ಎರಡನೇ ಅಕ್ಷರ ಒಂದೇ: ಹೊತ್ತು, ಎತ್ತಿ, ಹತ್ಯಾ. ಮೂರನೇ ಸಾಲಿನ ಮೊದಲ ಮಾತು ತಡವಾದರೆ ಆ ಅಕ್ಷರ ಹಿಡಿದು ನೀವೇ ಊಹಿಸಬಹುದು. ಬರೆದುಕೊಳ್ಳುವವರು ಇನ್ನೊಂದನ್ನು ಗಮನಿಸಿ. ಮರುಕಳಿಸುವ ಭಾಗವನ್ನು "ಬಂದದ್ದೇ ಬಂತು" ಎಂದು ಬಿಟ್ಟರೆ ಪದ ಓದಲು ಸರಿಯಾಗಿರುತ್ತದೆ, ಹಾಡಲು ಕುಂಟುತ್ತದೆ. ಬರೆದ ಹಾಳೆಯ ಅಂಚಿನಲ್ಲಿ ಎಲ್ಲಿಂದ ಎಲ್ಲಿಗೆ ಮರುಕಳಿಸಿತು ಎಂದು ಗೆರೆ ಎಳೆದಿಡಿ.

ಈಗ ಬಸ್ಸಿಗೆ ಬರೋಣ.

2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ವಯಸ್ಸಾದ ಹೆಂಗಸರು ಹೆಚ್ಚಾಗಿ ಕಾಣುತ್ತಾರೆ. ಮಗಳ ಮನೆಗೆ, ಮನೆದೇವರಿಗೆ, ಸಂತೆಗೆ ಮೂರು ನಾಲ್ಕು ಜನ ಜೊತೆಯಾಗಿ ಹೊರಡುತ್ತಾರೆ. ಜೊತೆಯಾಗಿ ಎನ್ನುವುದೇ ಮುಖ್ಯ, ಸೊಲ್ಲು ಎತ್ತುವವರು ಹಿಡಿಯುವವರು ಇಬ್ಬರೂ ಒಂದೇ ಸೀಟಿನಲ್ಲಿ ಇರುತ್ತಾರೆ. ಗಂಡಸರು ಹೆಂಗಸರ ಸೀಟಿನ ಹತ್ತಿರ ಹೋಗಿ ಮಾತಾಡಿಸುವುದು ಸರಿಯಲ್ಲ. ಹಿಂದಿನ ಸೀಟು ಸಿಕ್ಕಿ, ಮಾತು ಅವರ ಕಡೆಯಿಂದಲೇ ಬಂದರೆ ಮುಂದುವರಿಸಬಹುದು. ಹೆಣ್ಣುಮಕ್ಕಳಿಗೆ ಈ ತೊಡಕಿಲ್ಲ. ಈ ಕೆಲಸದಲ್ಲಿ ಹೆಣ್ಣುಮಕ್ಕಳಿಗೆ ಸಿಗುವಷ್ಟು ಪದ ಗಂಡಸರಿಗೆ ಸಿಗುವುದೇ ಇಲ್ಲ.

ಮಾತು ಶುರುವಾಗುವುದು ಸಂಚಿ ಬಿಚ್ಚಿದಾಗ. ಎಲೆ ಅಡಿಕೆ ಸಂಚಿ ಹೊರಗೆ ಬಂತೆಂದರೆ ಅವರು ನೆಮ್ಮದಿಯಾಗಿದ್ದಾರೆ, ಇಳಿಯುವ ಊರು ದೂರವಿದೆ ಎಂದರ್ಥ. "ಯಾವೂರಾಯ್ತವ್ವ?" ಎನ್ನುವುದೇ ಸಾಕು. "ಆಲೂರ್ ಕಡೆ ಕಣವ್ವ" ಎಂದರೆ ಮುಂದಿನ ಮಾತು ಮಳೆ, ಬೆಳೆ. "ನಾಟಿ ಆಯ್ತಾ ನಿಮ್ ಕಡೆ?" "ಯಾವ ಜನ?" ಎಂದು ಮಾತ್ರ ಕೇಳಬಾರದು. ಅದು ಜಾತಿ ಕೇಳಿದ ಹಾಗೆ, ಮಾತು ಅಲ್ಲಿಗೇ ಮುಚ್ಚಿಕೊಳ್ಳುತ್ತದೆ. ಅವರು ನಿಮ್ಮನ್ನು ಕೇಳಿದರೆ ಊರಿನ ಹೆಸರು, ಮನೆಯಲ್ಲಿ ಮಾಡುವ ಕೆಲಸ ಹೇಳಿ. ಮಲೆನಾಡಿನಲ್ಲಿ "ಯಾರ ಮನೆ?" ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ಮನೆಗಳು ದೂರ ದೂರ, ಒಂದೊಂದು ಮನೆಗೂ ಹೆಸರಿರುತ್ತದೆ, ಅದರಿಂದಲೇ ಗುರುತು ಹಿಡಿಯುತ್ತಾರೆ. ಅದಕ್ಕೆ ಮುಜುಗರಪಡಬೇಕಿಲ್ಲ.

"ಜಾನಪದ ಗೀತೆ ಬರುತ್ತಾ?" ಎಂದು ಕೇಳುವುದು ಎಲ್ಲರೂ ಮಾಡುವ ತಪ್ಪು. ಜಾನಪದ ಎನ್ನುವುದು ಶಾಲೆಯ ಮಾತು. ಹಾಗೆ ಕೇಳಿದ ಕೂಡಲೇ ಅವರ ಮನಸ್ಸಿಗೆ ವೇದಿಕೆ, ಮೈಕು, ಬಹುಮಾನ ಬರುತ್ತವೆ. "ನಮ್ಗೆಲ್ ಬತ್ತದೆ ತಾಯಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅವರ ಮಾತಿನಲ್ಲಿ ಅದು ಪದ. ಪದವನ್ನು ಹಾಡುವುದಕ್ಕಿಂತ ಹೆಚ್ಚಾಗಿ ಹೇಳುತ್ತಾರೆ. "ನಾಟಿ ಹಾಕ್ವಾಗ ಏನ್ ಪದ ಹೇಳ್ತಿದ್ರಿ?", "ಅರಿಶಿನ ಕುಟ್ವಾಗ ಯಾವ್ದು ಹೇಳ್ತೀರಿ?" ಎಂದು ಕೆಲಸ ಹಿಡಿದು ಕೇಳಬೇಕು. ಪದ ನೆನಪಿರುವುದು ಕೆಲಸದ ಜೊತೆ. ರಾಗಿ ಬೀಸುವ ಪದದ ನಡೆಯನ್ನು ಕಲ್ಲಿನ ಗೂಟ ತಿರುಗುವ ಸುತ್ತು ನಿರ್ಧರಿಸುತ್ತದೆ. ನಾಟಿ ಪದದ ನಡೆಯನ್ನು ಸಸಿ ಊರಿ ಒಂದು ಹೆಜ್ಜೆ ಹಿಂದೆ ಸರಿಯುವ ಕಾಲು ನಿರ್ಧರಿಸುತ್ತದೆ. ಕೈ ಸುಮ್ಮನಿದ್ದರೆ ನಡೆ ತಪ್ಪುತ್ತದೆ, ನಡೆ ತಪ್ಪಿದರೆ ಮಾತು ಮರೆಯುತ್ತದೆ. ಮನೆಗೆ ಹೋಗಿ ಕೇಳುವಾಗ ಕೈಗೆ ಏನಾದರೂ ಕೆಲಸ ಇರಲಿ. ಡಿಸೆಂಬರ್, ಜನವರಿಯಲ್ಲಾದರೆ ಅವರೆಕಾಯಿ ಸುಲಿಯುವುದಕ್ಕಿಂತ ಒಳ್ಳೆಯ ಕೆಲಸ ಬೇರೆ ಇಲ್ಲ. ನೀವೂ ಕೂತು ಸುಲಿಯಿರಿ. ಮಕ್ಕಳು ಮೊಮ್ಮಕ್ಕಳು ತಾವಾಗಿ ಬಂದು ಕೂರುತ್ತಾರೆ, ಹಿಮ್ಮೇಳ ಸಿದ್ಧ.

ಪದ ಹೊರಡದಿದ್ದರೆ ನಿಮಗೆ ಗೊತ್ತಿರುವ ಒಂದು ಪದದ ಅರ್ಧ ಸಾಲು ಹೇಳಿ ನಿಲ್ಲಿಸಿ. ಉಳಿದರ್ಧ ಅವರ ಬಾಯಿಂದ ಬರುತ್ತದೆ, ಬಹಳ ಸಲ ನಿಮಗೆ ಗೊತ್ತಿರುವುದಕ್ಕಿಂತ ಬೇರೆಯಾಗಿ ಬರುತ್ತದೆ. "ಹಂಗಲ್ಲ ಅದು" ಎಂದು ಅವರು ತಿದ್ದಿದರೆ ಕೆಲಸ ಆಯಿತು. ಅವರು ಗುರು, ನೀವು ಶಿಷ್ಯರು. ಆ ಜಾಗ ಬಿಟ್ಟು ಏಳಬೇಡಿ. ಸಂಗೀತ ಕಲಿತವರು ಇಲ್ಲೇ ಎಡವುತ್ತಾರೆ. ಶ್ರುತಿ ಹಿಡಿಯಲು ಫೋನಿನಲ್ಲಿ ತಂಬೂರಿ ಹಾಕುತ್ತಾರೆ. ದಯವಿಟ್ಟು ಬೇಡ. ಪದ ಹೇಳುವವರ ಆಧಾರ ಷಡ್ಜ, ಅಂದರೆ ಅವರ 'ಸ' ಸ್ವರ, ಇಪ್ಪತ್ತು ನಿಮಿಷದಲ್ಲಿ ಮೆಲ್ಲಗೆ ಮೇಲೇರುತ್ತದೆ, ದನಿ ಕಾದಂತೆ ಅದು ಸಹಜ. ತಂಬೂರಿ ಕದಲದೆ ನಿಂತಿರುತ್ತದೆ, ಎರಡಕ್ಕೂ ಜಗಳವಾಗುತ್ತದೆ, ಅವರು ತಮ್ಮದೇ ತಪ್ಪೆಂದುಕೊಂಡು ಸುಮ್ಮನಾಗುತ್ತಾರೆ. ಜೊತೆಗೆ ಹೇಳಬೇಕೆಂದರೆ ಪ್ರತಿ ಪದದ ಕೊನೆಯಲ್ಲಿ ಅವರು ನಿಲ್ಲುವ ಸ್ವರವನ್ನು ಒಳಗೇ ಗುನುಗಿಕೊಳ್ಳಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೆಂಗಸರದು ಸಾಮಾನ್ಯವಾಗಿ ನಾಲ್ಕರಿಂದ ಆರು ಮನೆ ಶ್ರುತಿ, ಗಂಡಸರದು ಒಂದರಿಂದ ಎರಡು. ಮೇಲೆ ಎಟುಕದಿದ್ದರೆ ಕೆಳಗಿನ ಸ್ಥಾಯಿಯಲ್ಲಿ ಹೇಳಿ.

ಬಸ್ಸಿನಲ್ಲೇ ರೆಕಾರ್ಡ್ ಮಾಡಬೇಕೆ? ಬೇಡ. ಎಂಜಿನ್ನಿನ ಗದ್ದಲ ಒಂದು ಕಾರಣ. ಎರಡನೆಯದು, ಸದ್ದಿನ ನಡುವೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ. ಗಟ್ಟಿಯಷ್ಟೇ ಅಲ್ಲ, ಶ್ರುತಿಯೂ ಮೇಲಕ್ಕೆ ಹೋಗುತ್ತದೆ, ಸ್ವರಗಳು ಎಳೆದಾಡುತ್ತವೆ. ಎಟಿಯೆನ್ ಲಂಬಾರ್ಡ್ ಎಂಬ ಫ್ರೆಂಚ್ ವೈದ್ಯರು 1911ರಲ್ಲಿ ಇದನ್ನು ಗುರುತಿಸಿ ಬರೆದರು, ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ಬಸ್ಸಿನಲ್ಲಿ ಹಿಡಿದ ಪದ ಆ ಅಜ್ಜಿಯ ನಿಜವಾದ ದನಿಯಾಗಿರುವುದಿಲ್ಲ. ಅಲ್ಲಿ ಮೊದಲ ಸಾಲು, ಊರು, ಹೆಸರು, ಮನೆಯವರ ಫೋನ್ ನಂಬರು ಬರೆದುಕೊಳ್ಳಿ. ಸೋಬಾನೆಯೋ ಕೋಲಾಟವೋ ಗುರುತಿಸಿ. ಬರೆಯುವುದು ಚೀಟಿಯಲ್ಲಿ ಇರಲಿ. ಫೋನ್ ತೆಗೆದರೆ ಫೋಟೊ ತೆಗೆಯುತ್ತೀರೇನೋ ಎಂದು ಸೆರಗು ಸರಿಮಾಡಿಕೊಂಡು ಮಾತು ನಿಲ್ಲಿಸುತ್ತಾರೆ.

ರೈಲಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಘಟ್ಟ ಇಳಿಯುವ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, 50 ಅಡಿಗೆ ಒಂದು ಅಡಿಯ ಇಳಿಜಾರು, ವೇಗ ಗಂಟೆಗೆ 30 ಕಿಲೋಮೀಟರ್ ಆಸುಪಾಸು. ಆ ವೇಗದಲ್ಲಿ ಕಿಟಕಿಯ ಗಾಳಿ ಮಾತನ್ನು ಹೊತ್ತೊಯ್ಯುವುದಿಲ್ಲ, ಎದುರುಬದುರು ಸೀಟಿನವರು ಆರಾಮಾಗಿ ಹಾಡಬಹುದು. ಸುರಂಗದೊಳಗೆ ಮಾತ್ರ ಚಕ್ರದ ಸದ್ದು ಗೋಡೆಗೆ ಬಡಿದು ವಾಪಸು ಬಂದು ಎಲ್ಲವನ್ನೂ ಮುಳುಗಿಸುತ್ತದೆ. ಅದನ್ನೇ ನಿಯಮ ಮಾಡಿಕೊಂಡು ಅಂತ್ಯಾಕ್ಷರಿ ಆಡಿ. ಸುರಂಗ ಬಂದರೆ ಹಾಡು ನಿಲ್ಲಬೇಕು, ಬೆಳಕು ಬಂದಾಗ ಸರದಿ ಎದುರಿನವರದು. ಅರ್ಧ ಕಿಲೋಮೀಟರಿನ ಸುರಂಗ ದಾಟಲು ಒಂದು ನಿಮಿಷ. ಮುಂದಿನ ಹಾಡು ಹುಡುಕಿಕೊಳ್ಳಲು ಆ ಕತ್ತಲು ಸಾಕು. ಬೇರೆ ಬೇರೆ ಊರಿನ ಕುಟುಂಬಗಳು ಇಷ್ಟು ಬೇಗ ಒಂದಾಗುವ ಆಟ ಇನ್ನೊಂದಿಲ್ಲ. ಫೋನಿನ ಸ್ಪೀಕರ್ ಹಾಕಿ ಹಾಡು ಬಿಡುವುದು ಬೇರೆಯೇ ಮಾತು. ಸರ್ಕಾರಿ ಬಸ್ಸಿನಲ್ಲಿ ಅದಕ್ಕೆ 2021ರಿಂದ ನಿರ್ಬಂಧವಿದೆ, ಹೇಳಿದ ಮಾತು ಕೇಳದವರನ್ನು ಇಳಿಸಲೂಬಹುದು. ಅದು ಸರಿಯಾದ ನಿಯಮ ಎಂದೇ ನನ್ನ ಅಭಿಪ್ರಾಯ. ಸ್ಪೀಕರಿನ ಹಾಡಿಗೆ ಸೊಲ್ಲು ಹಿಡಿಯಲು ಯಾರಿಗೂ ಜಾಗ ಇರುವುದಿಲ್ಲ.

ಇನ್ನು ತಮಟೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಜಾತ್ರೆಗೆ ಹೋದಾಗ ತೇರು ಎಳೆಯುವ ಹೊತ್ತಿಗೆ ಹೋಗುವವರೇ ಹೆಚ್ಚು. ಒಂದು ಗಂಟೆ ಮೊದಲೇ ಹೋಗಿ, ತಮಟೆ ಕಾಯಿಸುವ ಜಾಗ ಹುಡುಕಿ. ಗುಡಿಯ ಹಿಂದೆಯೋ ಕೆರೆ ಏರಿಯ ಕೆಳಗೋ ನಾಲ್ಕೈದು ಜನ ಕೂತಿರುತ್ತಾರೆ. ಚರ್ಮ ಗಾಳಿಯ ತೇವ ಕುಡಿದು ಸಡಿಲಾಗಿರುತ್ತದೆ, ಬಡಿದರೆ ಮಂಕಾಗಿ "ದಬ್ ದಬ್" ಎನ್ನುತ್ತದೆ. ಒಂದು ಹಿಡಿ ಒಣ ಭತ್ತದ ಹುಲ್ಲು ಹಚ್ಚುತ್ತಾರೆ. ಸೌದೆ ಹಚ್ಚುವುದಿಲ್ಲ. ಸೌದೆಯ ಕೆಂಡ ಒಂದೇ ಕಡೆ ಸುಡುತ್ತದೆ, ಕಿಡಿ ಹಾರಿ ಚರ್ಮಕ್ಕೆ ತೂತು ಬೀಳಬಹುದು. ಹುಲ್ಲು ಭಗ್ ಎಂದು ಹತ್ತಿ ಅರ್ಧ ನಿಮಿಷದಲ್ಲಿ ಆರುತ್ತದೆ, ಬೇಕಾದಷ್ಟು ಸಲ ಹಚ್ಚಬಹುದು. ತಮಟೆಯನ್ನು ಉರಿಯಿಂದ ಒಂದು ಮೊಳ ದೂರದಲ್ಲಿ ಓರೆಯಾಗಿ ಹಿಡಿದು ಚಕ್ರದ ಹಾಗೆ ತಿರುಗಿಸುತ್ತಾ ಹೋಗುತ್ತಾರೆ. ತಿರುಗಿಸದೆ ಹಿಡಿದರೆ ಒಂದು ಮಗ್ಗುಲು ಬಿಗಿದು ಇನ್ನೊಂದು ಮಗ್ಗುಲು ಸಡಿಲಾಗಿಯೇ ಉಳಿದು ನಾದ ಒಡೆಯುತ್ತದೆ. ತೀರಾ ಹತ್ತಿರ ಹಿಡಿದರೆ ಬಳೆಯ ಅಂಚಿನಲ್ಲಿ ಚರ್ಮ ಸೀಳುತ್ತದೆ. ನಡುನಡುವೆ ಬೆರಳಲ್ಲಿ ತಟ್ಟಿ ನೋಡುತ್ತಾರೆ. ದನಿ ಏರುತ್ತಾ ಏರುತ್ತಾ "ಟಣ್" ಎಂದಾಗ ಸಿದ್ಧ. ಐದರಿಂದ ಹತ್ತು ನಿಮಿಷದ ಕೆಲಸ. ಮಳೆಗಾಲದ ಮಲೆನಾಡಾದರೆ ಒಂದು ಸುತ್ತು ಬಾರಿಸುವಷ್ಟರಲ್ಲಿ ಮತ್ತೆ ಸಡಿಲಾಗುತ್ತದೆ, ಮತ್ತೆ ಉರಿ.

ಆ ಹತ್ತು ನಿಮಿಷದಲ್ಲಿ ಅವರು ಮಾತಿಗೆ ಸಿಗುತ್ತಾರೆ. ಬಾರಿಸುವಾಗ ಅವರ ಗಮನ ಪೂರ್ತಿ ಕೈಯಲ್ಲಿರುತ್ತದೆ, ಮುಗಿದ ಮೇಲೆ ದಣಿವು. ಕಾಯಿಸುವಾಗ ಮಾತ್ರ ಕೈಗೆ ಕೆಲಸ, ಬಾಯಿಗೆ ಬಿಡುವು. ಹುಲ್ಲಿನ ಕಟ್ಟು ಎತ್ತಿಕೊಡಿ. "ಯಾವ ಗತ್ತು ಮೊದ್ಲು?" ಎಂದು ಕೇಳಿ, ಗತ್ತು ಎಂದರೆ ಬಾರಿಸುವ ತಾಳದ ಬಗೆ. ಕೇಳದೆ ತಮಟೆ ಮುಟ್ಟಬೇಡಿ, ದಾಟಿಕೊಂಡು ಹೋಗಬೇಡಿ. ಈಗ ಫೈಬರ್ ಹಾಳೆ ಹೊದಿಸಿದ ತಮಟೆಗಳು ಬಂದಿವೆ. ಮಳೆಯಲ್ಲಿ ನೆನೆದರೂ ದನಿ ಬೀಳುವುದಿಲ್ಲ, ಹಗುರ, ಹುಲ್ಲು ಹುಡುಕುವ ಕಷ್ಟವಿಲ್ಲ. ದಿನವಿಡೀ ಬಾರಿಸುವವರು ಅದನ್ನು ಹಿಡಿದರೆ ನಾವು ಆಕ್ಷೇಪಿಸುವಂತಿಲ್ಲ. ಆದರೆ ಉರಿಯ ಸುತ್ತ ಸೇರುತ್ತಿದ್ದ ಆ ಹತ್ತು ನಿಮಿಷ ಹೋಯಿತು. ಊರಿನ ಮಕ್ಕಳು ಗತ್ತು ಕಲಿಯುತ್ತಿದ್ದದ್ದು, ಹೊರಗಿನವರು ಹೆಸರು ಹೇಳಿಕೊಳ್ಳುತ್ತಿದ್ದದ್ದು ಅಲ್ಲೇ.

ಕಚೇರಿ ಸಂಗೀತದಲ್ಲೂ ಇಂಥದ್ದೊಂದು ಬಾಗಿಲಿದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ನಿಮಗೆಲ್ಲ ಗೊತ್ತು. ಕಾವೇರಿ ದಂಡೆಯ ಈ ಪುಟ್ಟ ಊರಿನಲ್ಲೇ 1920ರಲ್ಲಿ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು. ಗಾಯಕ ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನಮಂದಿರ ಕಟ್ಟಿಸಿದ್ದಾರೆ. ಕಚೇರಿಯಲ್ಲಿ ಮಾತಾಡುವಂತಿಲ್ಲ, ಪಕ್ಕದವರ ಜೊತೆ ಸೇರುವುದು ತೊಡೆಯ ಮೇಲಿನ ತಾಳದಲ್ಲಿ. ಆದಿತಾಳ ಎಂಟು ಎಣಿಕೆ: ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ತಟ್ಟು ಬೀಸು, ತಟ್ಟು ಬೀಸು. ತನಿ ಆವರ್ತನದಲ್ಲಿ, ಅಂದರೆ ಹಾಡು ನಿಂತು ಮೃದಂಗದಂಥ ತಾಳವಾದ್ಯವಷ್ಟೇ ನಡೆಯುವ ಭಾಗದಲ್ಲಿ, ಲೆಕ್ಕ ತಪ್ಪಿದರೆ ಪಕ್ಕದವರ ಬೆರಳು ನೋಡಿ. ಅವರು ನಡುಬೆರಳಿನಲ್ಲಿದ್ದರೆ ಮುಂದಿನದು ತಟ್ಟು, ಅಲ್ಲಿ ಸೇರಿಕೊಳ್ಳಿ. ನೀವು ಅವರ ಕೈ ನೋಡಿದ್ದು ಅವರಿಗೆ ಗೊತ್ತಾಗಿಯೇ ಆಗುತ್ತದೆ. ಮುಂದಿನ ಆವರ್ತದಲ್ಲಿ ಕೈಯನ್ನು ಕೊಂಚ ಮೇಲೆತ್ತಿ, ಕಾಣುವ ಹಾಗೆ ಹಾಕುತ್ತಾರೆ. ಬಿಡುವಿನಲ್ಲಿ ಕಾಫಿಗೆ ನಿಂತಾಗ ಪರಿಚಯ ಮಾಡಿಕೊಳ್ಳುವ ಅಗತ್ಯವೇ ಇರುವುದಿಲ್ಲ. ಗಟ್ಟಿಯಾಗಿ ಚಪ್ಪಾಳೆಯ ಹಾಗೆ ತಾಳ ಹಾಕುವುದು ಮಾತ್ರ ಸಲ್ಲದು. ಮೃದಂಗದವರ ಕಿವಿಗೆ ಅದು ಎರಡನೇ ಮೃದಂಗ.

ಈಗ ಹಿಡಿದಿಡುವ ವಿಷಯ. ಒಂದು ಸಾಧಾರಣ ಫೋನ್ ಸಾಕು, ನಾಲ್ಕೈದು ಎಚ್ಚರ ಬೇಕು. ಫೋನಿನ ಮೈಕು ಕೆಳಗೆ, ಚಾರ್ಜರ್ ಸಿಕ್ಕಿಸುವ ತೂತಿನ ಪಕ್ಕದಲ್ಲಿ ಇರುತ್ತದೆ. ಆ ಕಡೆಯನ್ನು ಹೇಳುವವರ ಕಡೆಗೆ ತಿರುಗಿಸಿ. ಕವರ್ ಆ ತೂತಿಗೆ ಅಡ್ಡ ಬಂದರೆ ಕವರ್ ಬಿಚ್ಚಿ. ಒಬ್ಬರಾದರೆ ಬಾಯಿಂದ ಒಂದು ಮೊಳ ದೂರ, ಮೂರು ನಾಲ್ಕು ಜನರಾದರೆ ಎಲ್ಲರಿಂದಲೂ ಎರಡು ಮೊಳ. ಬರೀ ನೆಲದ ಮೇಲೆ, ಮಂಚದ ಮೇಲೆ ಇಡಬೇಡಿ, ಕಾಲು ಅಲುಗಿದ್ದೆಲ್ಲ ಗುಡುಗಾಗಿ ಕೇಳುತ್ತದೆ. ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲಿಡಿ. ಅವರೆಕಾಯಿ ಸುಲಿಯುತ್ತಿದ್ದರೆ ಮೊರ ಒಂದು ಮಗ್ಗುಲಿಗೆ, ಫೋನು ಇನ್ನೊಂದು ಮಗ್ಗುಲಿಗೆ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲವಾದರೆ ಒಂದು ಕರೆ ಬಂದು ಪದ ನಡುವೆ ತುಂಡಾಗುತ್ತದೆ.

ಎಂಪಿ3 ಬೇಡ, ವೇವ್ ಫೈಲ್ ಆಯ್ದುಕೊಳ್ಳಿ. 44.1 ಕಿಲೋಹರ್ಟ್ಸ್, 16 ಬಿಟ್, ಮೋನೊ ಸಾಕು. ನಿಮಿಷಕ್ಕೆ ಐದು ಎಂಬಿಗಿಂತ ತುಸು ಹೆಚ್ಚು, ಗಂಟೆಗೆ ಸುಮಾರು 320 ಎಂಬಿ ಆಗುತ್ತದೆ. ಸದ್ದು ತಗ್ಗಿಸುವ ಸೌಲಭ್ಯ ಇದ್ದರೆ ಆರಿಸಿಬಿಡಿ. ಅದು ಮಾತಿಗಾಗಿ ಮಾಡಿದ್ದು. ಒಂದೇ ಸಮನೆ ಬರುವ ನಾದವನ್ನೆಲ್ಲ ಫ್ಯಾನಿನ ಸದ್ದೆಂದು ತಿಳಿದು ಅಳಿಸುತ್ತದೆ. ಏಕತಾರಿಯ ಶ್ರುತಿ, ಎಳೆದು ನಿಲ್ಲಿಸಿದ ಕೊನೆಯ ಸ್ವರ ಹೀಗೆ ಮಾಯವಾಗುತ್ತವೆ. ತಮಟೆ ಜೊತೆಗಿದ್ದರೆ ಇನ್ನೊಂದು ತೊಂದರೆ ಇದೆ. ತಾನೇ ಮಟ್ಟ ಹೊಂದಿಸಿಕೊಳ್ಳುವ ಫೋನು ಪ್ರತಿ ಪೆಟ್ಟಿಗೂ ದನಿಯನ್ನು ಕೆಳಗೆ ತಳ್ಳುತ್ತದೆ, ಹಾಡು ಮುಳುಗಿ ಮುಳುಗಿ ಏಳುತ್ತದೆ. ತಮಟೆಯಿಂದ ಹತ್ತು ಹೆಜ್ಜೆ ದೂರ, ಹಾಡುವವರಿಗೆ ಹತ್ತಿರ ನಿಲ್ಲುವುದೊಂದೇ ಉಪಾಯ. ಮಟ್ಟ ಕೈಯಲ್ಲಿ ಹೊಂದಿಸಬಹುದಾದರೆ ಅತಿ ಗಟ್ಟಿ ಜಾಗದಲ್ಲಿ ಮುಳ್ಳು -12 ಡೆಸಿಬಲ್ ದಾಟದಿರಲಿ. ತಗ್ಗಿದ ದನಿಯನ್ನು ಆಮೇಲೆ ಏರಿಸಬಹುದು, ಒಡೆದ ದನಿಯನ್ನು ಕೂಡಿಸಲಾಗದು. ಮಳೆಗಾಲದಲ್ಲಿ ತಗಡಿನ ಸೂರಿನ ಕೆಳಗೆ ಏನೂ ಆಗದು, ಹೆಂಚಿನ ಮನೆಯ ನಡುಕೋಣೆ ಪರವಾಗಿಲ್ಲ. ಸಂಜೆಯ ಜೀರುಂಡೆ ಸದ್ದಿಗೆ ಹೆದರಬೇಡಿ. ಅದು ಹಾಡಿನ ದನಿಗಿಂತ ಬಹಳ ಮೇಲಿರುತ್ತದೆ, ಆಮೇಲೆ ತಗ್ಗಿಸಬಹುದು.

ಶುರುವಿನಲ್ಲೇ ನಿಮ್ಮ ದನಿಯಲ್ಲಿ ತಾರೀಕು, ಊರು, ಹೇಳುವವರ ಹೆಸರು ಹೇಳಿ ಸೇರಿಸಿ. ಅವರು ಆ ಪದವನ್ನು ಯಾರಿಂದ ಕಲಿತರು ಎಂದು ಕೇಳಿ. "ನಮ್ಮತ್ತೆ ಹೇಳೋರು" ಎಂಬ ಒಂದು ಮಾತಿನಿಂದ ಪದ ಯಾವ ಊರಿನಿಂದ ಮದುವೆಯಾಗಿ ಬಂತು ಎಂದು ತಿಳಿಯುತ್ತದೆ. ವಾಟ್ಸ್ಯಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಎಂದು ಕಳಿಸಿ, ಆಡಿಯೋ ಎಂದು ಕಳಿಸಿದರೆ ಅದು ಹಿಂಡಿಹೋಗಬಹುದು.

ಅನುಮತಿಯನ್ನು ಎರಡು ಸಲ ಕೇಳಬೇಕು. ರೆಕಾರ್ಡ್ ಮಾಡಿಕೊಳ್ಳಲೇ ಎಂಬುದು ಒಂದು, ಬೇರೆಯವರಿಗೆ ಕೇಳಿಸಲೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೂಂ ಎಂದವರು ಎರಡನೆಯದಕ್ಕೆ ಬೇಡ ಎನ್ನಬಹುದು, ಅಂಥ ಫೈಲು ನಿಮ್ಮಲ್ಲೇ ಇರಬೇಕು. ಕೆಲವು ಪದ ಕೇಳಲೇಬಾರದು. ಸಾವಿನ ಮನೆಯಲ್ಲಿ ಅತ್ತು ಹೇಳುವ ಪದವನ್ನು ಸುಮ್ಮನೆ ಕೂತಾಗ ಹೇಳಿಸುವುದು ಅಮಂಗಳವೆಂದು ನಂಬುತ್ತಾರೆ. ದೇವರ ಪದಕ್ಕೆ ದೀಪ ಹಚ್ಚಬೇಕು, ಎತ್ತಿದರೆ ನಡುವೆ ನಿಲ್ಲಿಸಬಾರದು ಎನ್ನುವವರಿದ್ದಾರೆ. ಅಲ್ಲಿ ನಿಮ್ಮ ಕೊನೆಯ ಬಸ್ಸಿನ ಹೊತ್ತು ಮೊದಲೇ ಲೆಕ್ಕ ಹಾಕಿಕೊಳ್ಳಿ. ಅರ್ಧದಲ್ಲಿ ಎದ್ದು ಹೋಗುವುದಕ್ಕಿಂತ ಆ ದಿನ ಕೇಳದಿರುವುದು ಮೇಲು.

ಹಣದ ಮಾತು ಸ್ಪಷ್ಟವಾಗಿರಲಿ. ಜೋಗಿಗಳು, ಹೆಳವರು, ದಾಸಯ್ಯಗಳು, ತಮಟೆಯವರು ಇವರಿಗೆ ಹಾಡು, ವಾದ್ಯ ಜೀವನೋಪಾಯ. ಅವರ ದಿನದ ಸಂಪಾದನೆ ಎಷ್ಟೆಂದು ಕೇಳಿ, ಅದಕ್ಕೆ ಕಡಿಮೆಯಿಲ್ಲದಂತೆ ಕೊಡಿ, ಮೊದಲೇ ಮಾತಾಡಿ. ಮನೆಯಲ್ಲಿ ಪದ ಹೇಳುವ ಅಜ್ಜಿಗೆ ನೋಟು ಚಾಚಿದರೆ ಬೇಸರವಾಗುತ್ತದೆ. ಎಲೆ ಅಡಿಕೆ, ಬಾಳೆಹಣ್ಣು, ಅರ್ಧ ಕೆಜಿ ಕಾಫಿಪುಡಿ ಒಯ್ಯಿರಿ.

ಅಪರಿಚಿತರ ಬಾಗಿಲಿಗೆ ಹಾಡು ಒಯ್ಯುವುದು ನಮ್ಮ ಮಲೆನಾಡಿಗೆ ಹೊಸದೇನಲ್ಲ. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆ ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ಹೊರಡುತ್ತಾರೆ. ರಾತ್ರಿಯೆಲ್ಲ ಮನೆಯಿಂದ ಮನೆಗೆ, ಒಂದು ದೀಪ ಆರದಂತೆ ಕಾಯ್ದುಕೊಂಡು, ತೋಟ ಗದ್ದೆ ದಾಟಿ ನಡೆಯುತ್ತಾರೆ. ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆಗೆಯಿರೆಂದು ಹಾಡುತ್ತಾರೆ. ಇಬ್ಬರು ಎತ್ತುತ್ತಾರೆ, ಉಳಿದವರು ಹಿಡಿಯುತ್ತಾರೆ. ಮನೆಯವರು ತಮ್ಮ ದೀಪವನ್ನು ಆ ದೀಪದಿಂದ ಹಚ್ಚಿಕೊಂಡು, ಅದಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ಕಾಣಿಕೆ ಕೊಡುತ್ತಾರೆ. ಜೊತೆಗೆ ಹೋಗಲು ಬಯಸುವವರು ತಂಡದ ಹಿರಿಯರನ್ನು ಹಬ್ಬಕ್ಕೆ ವಾರ ಮೊದಲೇ ಕಂಡು ಕೇಳಬೇಕು. ಉಂಬಳಕ್ಕೆ, ಅಂದರೆ ಜಿಗಣೆಗೆ, ಸುಣ್ಣ ಅಥವಾ ಉಪ್ಪು ಇಟ್ಟುಕೊಳ್ಳಿ. ಟಾರ್ಚನ್ನು ದೀಪದ ಹತ್ತಿರ ಬೆಳಗಿಸಬೇಡಿ. ಕೊನೆಯ ಮನೆಯವರೆಗೂ ನಡೆಯುವ ಶಕ್ತಿ ಇದ್ದರೆ ಮಾತ್ರ ಹೊರಡಿ.

ಇನ್ನೊಂದೇ ವಿಷಯ, ಎರಡನೇ ಸಲ ಹೋಗುವುದು. ಪದ ಹಿಡಿದ ಮೇಲೆ ತಿಂಗಳೊಳಗೆ ಮತ್ತೆ ಹೋಗಿ ಅವರಿಗೇ ಕೇಳಿಸಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಅಲ್ಲ. ಅದರಲ್ಲಿ ಕೆಳಸ್ವರ ಬರುವುದಿಲ್ಲ, ವಯಸ್ಸಾದ ಕಿವಿಗೆ ಮಾತು ಬಿಡಿಯಾಗಿ ಕೇಳುವುದಿಲ್ಲ. ಅಂಗೈ ಅಗಲದ ಬ್ಲೂಟೂತ್ ಸ್ಪೀಕರ್ ಒಯ್ದು ಅವರ ಮಡಿಲಲ್ಲೇ ಇಡಿ. ಮೊದಲ ಪದ ಮುಗಿಯುವ ಮುಂಚೆ ಅವರು ತಮ್ಮದೇ ದನಿಗೆ ಸೊಲ್ಲು ಹಿಡಿಯಲು ಶುರುಮಾಡುತ್ತಾರೆ. ಮೊದಲ ಸಲ ಬಿಟ್ಟುಹೋಗಿದ್ದ ಪದಗಳು ಆಗ ಬರುತ್ತವೆ, ಆದ್ದರಿಂದ ಆ ದಿನವೂ ಫೋನ್ ಚಾರ್ಜ್ ಪೂರ್ತಿ ಇರಲಿ.

ಹೊರಗೆ ಅಂಗಳದಲ್ಲಿ ಎರಡು ಚರ್ಮದ ತಮಟೆ, ಒಂದು ಕಟ್ಟು ಒಣಹುಲ್ಲು ತಂದಿಟ್ಟಿದ್ದಾರೆ. ಬಾರಿಸುವವರೂ ಬಂದಿದ್ದಾರೆ. ಬೆಳಗ್ಗೆ ಮಳೆ ಬಂದದ್ದರಿಂದ ಚರ್ಮ ಚೆನ್ನಾಗಿ ಸಡಿಲಾಗಿದೆ, ಕಾಯಿಸಲು ಹತ್ತು ನಿಮಿಷಕ್ಕೂ ಹೆಚ್ಚೇ ಹಿಡಿಯುತ್ತದೆ. ಪ್ರಶ್ನೆಗಳನ್ನು ಅಲ್ಲೇ ಕೇಳಿ. ಹುಲ್ಲಿನ ಕಟ್ಟು ಬಿಚ್ಚಲು ಇಬ್ಬರು ಮುಂದೆ ಬನ್ನಿ.